ಬಯಲಾಟದ ಇರುಳೂ ಮನೆಯ ಬ್ಲೂ-ರೇ ಯಂತ್ರವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಣ ಹಳ್ಳಿಗಾಡಿನಲ್ಲಿ ನೋಟದ ಸುಖವೆಂಬುದು ಬಹುಕಾಲದವರೆಗೂ ಮನೆಯ ಹೊರಗೆ, ಬಯಲಿನಲ್ಲಿ, ಅದೂ ಇರುಳಿನಲ್ಲಿಯೇ ದೊರೆಯತಕ್ಕ ವಸ್ತುವಾಗಿತ್ತು. ಏಣೇಲಿನ ಕೊಯ್ಲು ಮುಗಿದು, ದೀಪಾವಳಿ ಕಳೆದು, ಯಕ್ಷಗಾನ ಮೇಳಗಳು ದೇವಸ್ಥಾನದ ಅಂಗಳದಲ್ಲಿ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟವೆಂದರೆ, ಸಂಜೆಯ ಹೊತ್ತಿಗೆ ಯಾವುದೋ ಗದ್ದೆಯ ಬದಿಯಿಂದ ಕೇಳಿಯ ಚೆಂಡೆ ಮೊಳಗಿ, ಗುಡ್ಡದಿಂದ ಗುಡ್ಡಕ್ಕೆ ತಾಗಿ, ಈ ರಾತ್ರಿ ಇಲ್ಲಿ ಆಟವುಂಟೆಂಬ ಸುದ್ದಿಯನ್ನು ದೂರದೂರದ ಮನೆಗಳಿಗೆ ಮುಟ್ಟಿಸುತ್ತಿತ್ತು. ತೆಂಗಿನ ಗರಿಯ ಸೂಟೆ ಹಿಡಿದು, ಮಕ್ಕಳನ್ನು ಹೆಗಲಿಗೇರಿಸಿಕೊಂಡು, ತೋಡು ದಾಟಿ ಬಂದ ಜನ ಚಾಪೆ ಹಾಸಿ ಕುಳಿತರೆಂದರೆ ಪೂರ್ವರಂಗದ ಬಾಲಗೋಪಾಲರಿಂದ ಮೊದಲ್ಗೊಂಡು ಮುಂಜಾವದ ಮಂಗಳದವರೆಗೆ ಎಂಟೊಂಬತ್ತು ಗಂಟೆಗಳ ಕಾಲ ಅಲ್ಲಿಂದ ಕದಲುತ್ತಿರಲಿಲ್ಲ. ಪತ್ತನಾಜೆಯಂದು, ಎಂದರೆ ಮೇ ತಿಂಗಳ 24-25ರ ಸುಮಾರಿಗೆ, ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ ಬಯಲಿನಲ್ಲಿ ಆಟವೂ ಇಲ್ಲ, ದೈವದ ನೇಮವೂ ಇಲ್ಲ, ಮಳೆಯೊಂದೇ.

ಇಡೀ ಇರುಳಿನ ಈ ದೈರ್ಘ್ಯವನ್ನೂ ಮಳೆಗಾಲದ ಆ ಬರಿದನ್ನೂ ನೆನಪಿನಲ್ಲಿಟ್ಟುಕೊಳ್ಳದೆ ಈ ಸೀಮೆಯ ಮನೆಗಳಿಗೆ ಚಿತ್ರ ತೋರಿಸುವ ಯಂತ್ರಗಳು ಬಂದ ಚರಿತ್ರೆಯನ್ನು ಬರೆಯಲಾಗದೆಂಬುದು ನನ್ನ ದೃಢವಾದ ಅಭಿಪ್ರಾಯ. ಟೇಪ್ ರೆಕಾರ್ಡರು, ವಿ.ಸಿ.ಆರ್., ವಿ.ಸಿ.ಡಿ., ಡಿ.ವಿ.ಡಿ., ಕಡೆಗೆ ಬ್ಲೂ-ರೇ ಎಂಬೀ ಪರಂಪರೆ ಲೋಕದ ಇತರ ಕಡೆಗಳಲ್ಲಿ ಬಹುಮಟ್ಟಿಗೆ ಸಿನಿಮಾದ ಬೆನ್ನು ಹಿಡಿದು ಬಂದಿತು. ಇಲ್ಲಿಯೂ ಟೂರಿಂಗ್ ಟಾಕೀಸಿನ ಡೇರೆಗಳು ಬಂದುವು, 1971ರಲ್ಲಿ ‘ಎನ್ನ ತಂಗಡಿ’ಯೆಂಬ ಮೊದಲ ತುಳು ಚಿತ್ರವೂ ತೆರೆ ಕಂಡಿತು, ಸಿನಿಮಾದ ಮೋಹವೇನೂ ಕಡಿಮೆಯಾಗಿರಲಿಲ್ಲ. ಆದರೂ ಯಂತ್ರವನ್ನು ಮನೆತುಂಬಿಸಿಕೊಂಡವರ ಅಂತರಂಗದಲ್ಲಿ ಸಿನಿಮಾದ ಜೊತೆಗೇ ಇನ್ನೊಂದು ಆಸೆಯೂ ಇತ್ತು. ಹರಕೆಯ ಆಟ ಆಡಿಸಿದ ಆ ಒಂದು ರಾತ್ರಿಯನ್ನು, ತರವಾಡು ಮನೆಯ ಆ ಒಂದು ನೇಮವನ್ನು, ಮಗಳ ಮದುವೆಯ ಆ ಒಂದು ದಿನವನ್ನು ಜಡಿಮಳೆಯ ಕಾಲದಲ್ಲಿ ಚಾವಡಿಯಲ್ಲಿ ಕುಳಿತು ಮತ್ತೊಮ್ಮೆ ಕಾಣಬೇಕೆಂಬುದೇ ಆ ಆಸೆ. ಆದುದರಿಂದ ಹೊಸ ಯಂತ್ರವೊಂದು ಬಂದಾಗಲೆಲ್ಲ ಅದರ ಯೋಗ್ಯತೆಯನ್ನು ಅಳೆಯಲು ಇಲ್ಲಿ ಒಂದು ಸಹಜವಾದ ಮಾನದಂಡವಿದೆ: ಒಂದು ರಾತ್ರಿಯ ಆಟದಲ್ಲಿ ಎಷ್ಟು ಭಾಗ ಇದರಲ್ಲಿ ಹಿಡಿದೀತು?

78 ಸುತ್ತಿನ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರೇ ನಿಮಿಷ. ಭಾಗವತರು ಒಂದು ಪದವನ್ನೆತ್ತಿ, ಮದ್ದಳೆ ಚೆಂಡೆಗಳು ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಮುಳ್ಳು ನಡುವಿಗೆ ಬಂದುಬಿಡುವುದು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ಈ ಮಿತಿಯನ್ನು 60, 90 ನಿಮಿಷಗಳಿಗೆ ವಿಸ್ತರಿಸಿತು, ಮತ್ತು ಅದಕ್ಕೆ ಹೇಳಿಮಾಡಿಸಿದಂತಹ ಕಲೆಯೊಂದು ನಮ್ಮಲ್ಲಿ ಮೊದಲೇ ಇದ್ದಿತು. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಮಾತೇ ಅದರ ಸರ್ವಸ್ವ. ಮಳೆಗಾಲವೇ ಅದರ ಋತು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ವಾಗ್ವೈಭವವನ್ನು ಕಾಣದೂರಿನ ಜನ ಮನೆಯಲ್ಲಿಯೇ ಕೇಳಿ, ಮತ್ತೆ ಮತ್ತೆ ಕೇಳಿ, ಬಾಯಿಪಾಠ ಮಾಡಿಕೊಳ್ಳುವಂತಾದುದು ಈ ಪುಟ್ಟ ಪೆಟ್ಟಿಗೆಯಿಂದ. ಆದರೂ ವಾಲಿಯ ವಾದ ಕಾವೇರಿದ ಘಟ್ಟದಲ್ಲಿ ಕ್ಯಾಸೆಟ್ಟಿನ ಮಗ್ಗುಲು ಟಕ್ಕೆಂದು ಮುಗಿದುಹೋಗುತ್ತಿತ್ತು. ಎದ್ದು ಅದನ್ನು ತಿರುಗಿಸಿ ಹಾಕುವಷ್ಟರಲ್ಲಿ ರಸ ಜಾರಿರುತ್ತಿತ್ತು.

ಜಪಾನಿನ ಜೆ.ವಿ.ಸಿ. ಸಂಸ್ಥೆ ವಿ.ಎಚ್.ಎಸ್. ಎಂಬ ದೃಶ್ಯಸುರುಳಿಯನ್ನು ಮಾರುಕಟ್ಟೆಗೆ ತಂದುದು 1976ರಲ್ಲಿ. ಭಾರತಕ್ಕೆ ಬಣ್ಣದ ಟಿ.ವಿ. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಂದಿತಾದರೂ, ಘಟ್ಟದ ಬುಡದಲ್ಲಿ ಗುಡ್ಡಗಳ ನಡುವೆ ಹುದುಗಿರುವ ಬೆಳ್ತಂಗಡಿ ತಾಲೂಕಿನ ಮನೆಗಳಿಗೆ ದೂರದರ್ಶನದ ತರಂಗಗಳು ಸುಲಭವಾಗಿ ಇಳಿದು ಬರತಕ್ಕವಾಗಿರಲಿಲ್ಲ. ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಒಬ್ಬರು ಹೊರಗೆ ಅದನ್ನು ತಿರುಗಿಸುತ್ತ, ಒಳಗಿನವರು ‘ಬಂತು, ಹೋಯಿತು’ ಎಂದು ಕೂಗುತ್ತ ಕಳೆದ ಸಂಜೆಗಳನ್ನು ಬಲ್ಲವರು ಈಗಲೂ ಬೇಕಾದಷ್ಟು ಮಂದಿ ಇದ್ದಾರೆ. ವಿ.ಸಿ.ಆರ್.ಗೆ ಆಂಟೆನಾದ ಹಂಗಿಲ್ಲ. ಕೊಲ್ಲಿಯ ನಾಡುಗಳಿಗೆ ದುಡಿಯಹೋದವರು ರಜೆಯಲ್ಲಿ ಬರುವಾಗ ಹೊತ್ತು ತಂದ ಯಂತ್ರದಿಂದ ಒಂದು ಮನೆಯಷ್ಟೇ ಅಲ್ಲ, ನೆರೆಕರೆಯೆಲ್ಲ ಚಿತ್ರ ನೋಡಿತು. ಪೇಟೆಯ ಅಂಗಡಿಗಳಲ್ಲಿ ಟಿ.ವಿ.ಯನ್ನೂ ವಿ.ಸಿ.ಆರ್.ನ್ನೂ ನಾಲ್ಕಾರು ಕ್ಯಾಸೆಟ್ಟುಗಳನ್ನೂ ಒಂದು ರಾತ್ರಿಗೆ ಬಾಡಿಗೆಗೆ ಕೊಡುವ ವ್ಯಾಪಾರವೂ ಬೆಳೆಯಿತು. ಈ ವ್ಯಾಪಾರದ ಜೊತೆಗೆ ಕಳ್ಳ ಪ್ರತಿಗಳ ಹಾವಳಿಯೂ ದೇಶದಲ್ಲೆಲ್ಲ ಹಬ್ಬಿ, 1957ರ ಕೃತಿಸ್ವಾಮ್ಯ ಶಾಸನಕ್ಕೆ 1984ರಲ್ಲಿ ತಿದ್ದುಪಡಿ ತಂದು ವಿಡಿಯೋವನ್ನೂ ಅದರ ವ್ಯಾಪ್ತಿಗೆ ಸೇರಿಸಬೇಕಾಯಿತು.

ಬಯಲಾಟದ ಗದ್ದೆಗೆ ಕೆಮರಾ ಬಂದುದು ಇದೇ ಕಾಲದಲ್ಲಿ. ಕಟೀಲು, ಧರ್ಮಸ್ಥಳದಂತಹ ಮೇಳಗಳ ಹರಕೆಯಾಟಕ್ಕೆ ವರ್ಷಗಟ್ಟಲೆ ಕಾದು ಸರದಿ ಪಡೆದ ಮನೆಯವರು ಆ ರಾತ್ರಿಯನ್ನು ಕ್ಯಾಸೆಟ್ಟಿನಲ್ಲಿ ಹಿಡಿಸಿ ಇಟ್ಟುಕೊಳ್ಳುವುದನ್ನು ಸೇವೆಯ ಒಂದು ಅಂಗವೆಂದೇ ಭಾವಿಸತೊಡಗಿದರು. ಸಾಮಾನ್ಯವಾದ ವಿ.ಎಚ್.ಎಸ್. ಕ್ಯಾಸೆಟ್ಟಿನ ಅವಧಿ ಮೂರು ಗಂಟೆ. ಒಂದು ಇರುಳಿಗೆ ಮೂರು ಕ್ಯಾಸೆಟ್ಟು ಬೇಕು. ಅವಧಿಯಷ್ಟೇ ಅಲ್ಲ, ಚಿತ್ರದ ಗುಣವೂ ಸಾಲದು. ದೇವೀಮಹಾತ್ಮೆಯ ಆಟವನ್ನೇ ನೋಡಿರಿ. ಅಲ್ಲಿ ಮಹಿಷಾಸುರನು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಜನರ ಬೆನ್ನ ಹಿಂದಣ ಕತ್ತಲೆಯಿಂದ, ಕೋಣನ ಕೊಂಬಿನ ಕಿರೀಟ ಹೊತ್ತು, ಎಡಬಲಗಳಲ್ಲಿ ಉರಿಯುವ ದೊಂದಿಗಳೊಡನೆ, ರಾಳದ ಪುಡಿ ಭುಗಿಲೆನ್ನುವ ಬೆಂಕಿಯ ನಡುವೆ ಅಬ್ಬರಿಸುತ್ತ ಬರುತ್ತಾನೆ. ಅಂದಿನ ಕೆಮರಾ ಕತ್ತಲೆಯನ್ನು ಕಾಣಲಾರದು, ಬೆಂಕಿಯನ್ನು ತಾಳಲಾರದು. ಆದುದರಿಂದ ಆ ಕಾಲದ ಕ್ಯಾಸೆಟ್ಟುಗಳಲ್ಲಿ ಈ ಪ್ರವೇಶವೆಂದರೆ ಕರಿಯ ಪರದೆಯ ಮೇಲೆ ತೂಗಾಡುವ ಎರಡು ಬಿಳಿಯ ಉರಿಗಳು, ಅವುಗಳ ಹಿಂದೆ ಅಂಚು ಮೀರಿ ಹರಡಿದ ಒಂದು ಕೆಂಪು, ಮೇಲೆ ಚೆಂಡೆಯ ಸದ್ದನ್ನೂ ನುಂಗುವ ಜನರ ಕೇಕೆ. ಮುಖವರ್ಣಿಕೆಯ ಒಂದು ಗೆರೆಯೂ ಕಾಣದು. ಆದರೂ ಆ ಉರಿಯ ಹಿಂದಿರುವ ವೇಷಧಾರಿ ಯಾರೆಂದು ನಡೆಯ ಲಯದಿಂದಲೇ ಗುರುತಿಸಿ, ಹೆಸರು ಹಿಡಿದು ಹೇಳುವ ಹಿರಿಯರು ಈ ಊರುಗಳಲ್ಲಿದ್ದಾರೆ. ಅವರಿಗೆ ಆ ಮಸುಕು ಕ್ಯಾಸೆಟ್ಟು ಅಮೂಲ್ಯವಾದ ದಾಖಲೆ.

ಸುರುಳಿಯ ಶಕ್ತಿಯೇನೆಂಬುದನ್ನು ವಿದ್ವಲ್ಲೋಕಕ್ಕೆ ತೋರಿಸಿಕೊಟ್ಟುದೂ ಬೆಳ್ತಂಗಡಿ ತಾಲೂಕೇ. ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಸಿರಿಯೆಂಬ ದೈವದ ಆರಾಧನೆಯನ್ನು ನಡೆಸಿಕೊಡುತ್ತಿದ್ದವರು, ಅಕ್ಷರದ ಆಶ್ರಯವಿಲ್ಲದೆ ಸಿರಿಯ ಮಹಾಕಥಾನಕವನ್ನು ಹಾಡಬಲ್ಲ ಅಸಾಧಾರಣ ಗಾಯಕರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಡನೆ ಸೇರಿ, 1990ರ ದಶಂಬರದಲ್ಲಿ ಅವರೆದುರು ಧ್ವನಿಯಂತ್ರವನ್ನೂ ವಿಡಿಯೋ ಕೆಮರಾವನ್ನೂ ಇಟ್ಟು, ಹಲವು ದಿನಗಳ ಕಾಲ ಆ ಹಾಡನ್ನು ಆಮೂಲಾಗ್ರವಾಗಿ ಹಿಡಿದಿಟ್ಟರು. ಬರೆದುಕೊಂಡಾಗ ಅದು 15,683 ಸಾಲುಗಳಾಯಿತು. 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಅಚ್ಚಾಗಿ ಹೊರಬಂದಿತು. ಲೇಖನಿ ಹಿಡಿದು ಕೇಳಿ ಬರೆದುಕೊಳ್ಳುವ ಹಳೆಯ ಕ್ರಮದಲ್ಲಿ ಗಾಯಕನು ಕ್ಷಣಕ್ಷಣಕ್ಕೂ ನಿಲ್ಲಬೇಕು, ನಿಂತಲ್ಲಿ ಹಾಡಿನ ಓಟ ಮುರಿಯಬೇಕು. ಯಂತ್ರದೆದುರು ಅವರು ತಮ್ಮ ಓಟದಲ್ಲಿಯೇ ಹಾಡಿದರು. ನಮ್ಮ ಮನೆಗಳ ಕಪಾಟಿನಲ್ಲಿರುವ ನೇಮದ, ಆಟದ ದಾಖಲೆಗಳನ್ನು ‘ಮನೆಯವರ ಖುಷಿಗೆ ತೆಗೆದದ್ದು’ ಎಂದು ಹಗುರವಾಗಿ ಕಾಣುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಅನಂತರದ ಹದಿನೈದು ವರ್ಷಗಳ ಕಥೆಯನ್ನು ಬೇಗ ಹೇಳಿಬಿಡಬಹುದು. 1982ರಲ್ಲಿ ಸಂಗೀತಕ್ಕಾಗಿ ಹುಟ್ಟಿದ 12 ಸೆಂಟಿಮೀಟರು ವ್ಯಾಸದ ಸಿ.ಡಿ.ಯ ಮೇಲೆಯೇ 1993ರಲ್ಲಿ ಚಿತ್ರವನ್ನೂ ಅಚ್ಚೊತ್ತಿ ವಿ.ಸಿ.ಡಿ.ಯೆಂದರು, ಅದರ ಅವಧಿ 74ರಿಂದ 80 ನಿಮಿಷ, ಎಂದರೆ ನಮ್ಮ ಮಾನದಂಡದಲ್ಲಿ ವಿ.ಎಚ್.ಎಸ್.ಗಿಂತಲೂ ಹಿಂದಕ್ಕೆ ಬಂದಂತಾಯಿತು. ಹಾಗಿದ್ದರೂ ಅದು ಗೆದ್ದಿತು, ಏಕೆಂದರೆ ಅಗ್ಗ. ತುಳು ನಾಟಕಗಳೂ ಯಕ್ಷಗಾನ ಪ್ರಸಂಗಗಳೂ ಎರಡು ಮೂರು ಮುದ್ರಿಕೆಗಳ ಕಟ್ಟಾಗಿ ಜಾತ್ರೆಯ ಅಂಗಡಿಗಳಲ್ಲಿ ಬಳೆ, ಬಲೂನುಗಳ ಮಗ್ಗುಲಲ್ಲಿಯೇ ಮಾರಾಟಕ್ಕೆ ಬಂದುವು. ಆ ಅವಧಿಗೆ ಹೊಂದುವಂತೆ ಪ್ರಸಂಗಗಳನ್ನು ಕತ್ತರಿಸಿ ಆಡಿಸುವ ಪದ್ಧತಿಯೂ ಬಂದಿತು. 1996ರ ಕೊನೆಗೆ ಜಪಾನಿನಲ್ಲಿ ಹುಟ್ಟಿದ ಡಿ.ವಿ.ಡಿ.ಯು ಸುಮಾರು ಎರಡು ಗಂಟೆಗಳ ಸ್ಫುಟವಾದ ಚಿತ್ರವನ್ನು ಹಿಡಿಯುತ್ತಿತ್ತು. 2007ರ ಸುಮಾರಿಗೆ ಮೋಸರ್ ಬೇಯರ್ ಸಂಸ್ಥೆ 28 ರೂಪಾಯಿಗೆ ವಿ.ಸಿ.ಡಿ.ಯನ್ನೂ 34 ರೂಪಾಯಿಗೆ ಡಿ.ವಿ.ಡಿ.ಯನ್ನೂ ಮಾರತೊಡಗಿದ ಮೇಲಂತೂ ಮುದ್ರಿಕೆಗಳಿಲ್ಲದ ಮನೆಯೇ ಅಪರೂಪವಾಯಿತು. ಮದುವೆ, ಗೃಹಪ್ರವೇಶ, ಬ್ರಹ್ಮಕಲಶೋತ್ಸವ, ನಾಗಮಂಡಲ ಎಲ್ಲವೂ ಪೇಟೆಯ ಸ್ಟುಡಿಯೋಗಳಲ್ಲಿ ಡಿ.ವಿ.ಡಿ.ಗಳಾಗಿ ಮನೆ ಸೇರಿದುವು.

ಬ್ಲೂ-ರೇ 2006ರಲ್ಲಿ ಬಂದಿತು. ಎಚ್.ಡಿ. ಡಿ.ವಿ.ಡಿ. ಎಂಬ ಪ್ರತಿಸ್ಪರ್ಧಿಯನ್ನು ತೋಷಿಬಾ ಸಂಸ್ಥೆ 2008ರಲ್ಲಿ ಕೈಬಿಟ್ಟ ಮೇಲೆ ಅದೊಂದೇ ಉಳಿಯಿತು. ಅದರ ತತ್ತ್ವವನ್ನು ತಾಳೆಗರಿಯ ನಾಡಿನವರಿಗೆ ವಿವರಿಸುವುದು ಕಷ್ಟವಲ್ಲ: ಕಂಟದ ಮೊನೆ ಸೂಕ್ಷ್ಮವಾದಷ್ಟೂ ಅದೇ ಗರಿಯಲ್ಲಿ ಹೆಚ್ಚು ಸಾಲುಗಳನ್ನು ಕೊರೆಯಬಹುದಷ್ಟೆ. ಸಿ.ಡಿ.ಯನ್ನು ಓದುವ ಲೇಸರ್ ಕಿರಣದ ತರಂಗಾಂತರ 780 ನ್ಯಾನೊಮೀಟರು, ಡಿ.ವಿ.ಡಿ.ಯದು 650, ಬ್ಲೂ-ರೇಯದು 405. ಕೆಂಪಿನಿಂದ ನೀಲನೇರಿಳೆಗೆ ಬಂದ ಈ ಕಿರಣ ಅತಿಸೂಕ್ಷ್ಮವಾದ ಗುರುತುಗಳನ್ನು ಓದಬಲ್ಲುದಾದುದರಿಂದ, ಡಿ.ವಿ.ಡಿ.ಯ ಒಂದು ಪದರದಲ್ಲಿ 4.7 ಗಿಗಾಬೈಟು ಹಿಡಿಯುತ್ತಿದ್ದ 12 ಸೆಂಟಿಮೀಟರಿನ ಅದೇ ಬಟ್ಟಲಗಲದಲ್ಲಿ ಈಗ 25 ಗಿಗಾಬೈಟು ಹಿಡಿಯುತ್ತದೆ, ಎರಡು ಪದರವಾದರೆ 50. ಲೆಕ್ಕ ಹಾಕಿ ನೋಡಿರಿ: ಡಿ.ವಿ.ಡಿ.ಯ ಗುಣಮಟ್ಟದಲ್ಲಿ ಎರಡು ಗಂಟೆಗೆ 4.7 ಆದರೆ, 25ಕ್ಕೆ ಹತ್ತು ಗಂಟೆ ಮೀರುತ್ತದೆ. ಅಬ್ಬರತಾಳದಿಂದ ಮಂಗಳದವರೆಗಿನ ಇಡೀ ಇರುಳು, ನಡುವೆ ಎಲ್ಲಿಯೂ ಕಡಿಯದೆ, ಒಂದೇ ಮುದ್ರಿಕೆಯಲ್ಲಿ ಅಡಗುವಂತಾದುದು ಇದೇ ಮೊದಲು.

ದುರ್ದೈವದ ಮಾತೆಂದರೆ, ಆ ಯೋಗ್ಯತೆ ಇಲ್ಲಿ ಬಳಕೆಗೆ ಬರಲೇ ಇಲ್ಲ. ಬ್ಲೂ-ರೇ ಚಿತ್ರಗಳು ದುಬಾರಿ. ತುಳು, ಯಕ್ಷಗಾನಗಳ ಮಾರುಕಟ್ಟೆ ಡಿ.ವಿ.ಡಿ.ಯನ್ನು ದಾಟಲಿಲ್ಲ; ಅಷ್ಟರಲ್ಲಿ ಅಂತರಜಾಲವೂ ಕೈಫೋನೂ ಬಂದು, ನೇರಪ್ರಸಾರದಲ್ಲಿ ಆಟ ನೋಡುವ ಅಭ್ಯಾಸ ಮುಂಬಯಿಯಿಂದ ದುಬಾಯಿವರೆಗೆ ಹಬ್ಬಿತು. ಹೀಗಾಗಿ ಬ್ಲೂ-ರೇ ಯಂತ್ರವನ್ನು ಕೊಳ್ಳುವುದು ವ್ಯರ್ಥವೆಂದು ಹಲವರು ಹೇಳುತ್ತಾರೆ. ಕಪಾಟಿನಲ್ಲಿ ಮುದ್ರಿಕೆಯೊಂದೂ ಇಲ್ಲದವರ ಮಟ್ಟಿಗೆ ಅವರ ಮಾತು ಸರಿ. ಇಪ್ಪತ್ತು ವರ್ಷಗಳ ಮುದ್ರಿಕೆಗಳನ್ನು ಕೂಡಿಟ್ಟ ಮನೆಗಾದರೋ ಮೂರು ತಲೆಮಾರಿನ ತಟ್ಟೆಗಳಿಗೂ ಬಾಗಿಲು ತೆರೆಯಬಲ್ಲ ಸಾಧಾರಣ ಬೆಲೆಯ ಬ್ಲೂ-ರೇ ಯಂತ್ರದಷ್ಟು ಉಪಯುಕ್ತವಾದುದು ಮತ್ತೊಂದಿಲ್ಲವೆಂದು ನಾನು ನಂಬುತ್ತೇನೆ.

ಆದರೆ ಕೊಳ್ಳುವಾಗ ಕೇಳಿ ತಿಳಿಯಬೇಕಾದ ಮಾತುಗಳಿವೆ. ಡಿ.ವಿ.ಡಿ.ಯನ್ನು ಅದು ಓದಿಯೇ ಓದುತ್ತದೆ, ವಿ.ಸಿ.ಡಿ.ಯನ್ನು ಎಲ್ಲ ಬ್ಲೂ-ರೇ ಯಂತ್ರಗಳೂ ಓದುವುದಿಲ್ಲ. ಆದುದರಿಂದ ಮನೆಯಲ್ಲಿರುವ ಹಳೆಯ ವಿ.ಸಿ.ಡಿ.ಯೊಂದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಹಾಕಿ ನೋಡಿ, ಆಮೇಲೆ ದುಡ್ಡು ಕೊಡುವುದು ಲೇಸು. 2013ರ ಬಳಿಕ ತಯಾರಾದ ಯಂತ್ರಗಳಲ್ಲಿ ಹಳದಿ ಬಣ್ಣದ ಹಳೆಯ ಚಿತ್ರದ ಸಾಕೆಟ್ಟು ಸಾಮಾನ್ಯವಾಗಿ ಇರುವುದಿಲ್ಲ, ಎಚ್.ಡಿ.ಎಂ.ಐ. ಒಂದೇ ಇರುತ್ತದೆ, ಡೊಳ್ಳು ಹೊಟ್ಟೆಯ ಹಳೆಯ ಟಿ.ವಿ.ಗೆ ಅದು ಹೊಂದದು. ಮೂರನೆಯದು ವಲಯದ ಕಟ್ಟು. ಡಿ.ವಿ.ಡಿ.ಗಳ ಲೆಕ್ಕದಲ್ಲಿ ಭಾರತ ಐದನೆಯ ವಲಯ, ಕೊಲ್ಲಿಯ ನಾಡುಗಳು ಎರಡನೆಯದು. ಬ್ಲೂ-ರೇಯಲ್ಲಿ ನಮ್ಮದು ಸಿ, ಅವರದು ಬಿ, ಅಮೆರಿಕದವರದು ಎ. ಮಗನು ದುಬಾಯಿಯಿಂದ ತಂದ ಚಿತ್ರ ಇಲ್ಲಿಯ ಯಂತ್ರದಲ್ಲಿ ಓಡದಿದ್ದರೆ ದೋಷ ಯಂತ್ರದ್ದಲ್ಲ. ಊರಿನ ಸ್ಟುಡಿಯೋದಲ್ಲಿ ಮಾಡಿಸಿದ ಮದುವೆಯ, ಆಟದ ಮುದ್ರಿಕೆಗಳಿಗೆ ಈ ಕಟ್ಟಿಲ್ಲ.

ಬಳಸುವ ಕ್ರಮಕ್ಕೆ ಬಂದರೆ, ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮುದ್ರಿಕೆಯ ದೊಡ್ಡ ಶತ್ರು ತೇವ. ಆಷಾಢದಲ್ಲಿ ಕಪಾಟು ತೆರೆದು ಪ್ಲಾಸ್ಟಿಕ್ ಲಕೋಟೆಯಿಂದ ತಟ್ಟೆಯನ್ನೆಳೆದರೆ ಅದು ಲಕೋಟೆಗೆ ಅಂಟಿಕೊಂಡೇ ಬರುತ್ತದೆ. ಬೆಳಕಿಗೆ ವಾಲಿಸಿ ಹಿಡಿದರೆ ಕಾಮನಬಿಲ್ಲಿನ ಬಣ್ಣಗಳ ಮೇಲೆ ಜೇಡರ ಬಲೆಯಷ್ಟು ನವುರಾದ ಬೂಷ್ಟಿನ ಬಿಳಿಯ ಎಳೆಗಳು ಕಾಣುತ್ತವೆ. ಇದನ್ನು ವೃತ್ತಾಕಾರವಾಗಿ ಉಜ್ಜಬಾರದು. ದಾಖಲೆಯ ಸಾಲು ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಆ ಸಾಲಿನ ಗುಂಟ ಬಿದ್ದ ಗೀರು ಬಹುದೂರದ ಅಕ್ಷರಗಳನ್ನು ಒಂದೇ ಸಮನೆ ಅಳಿಸಿಬಿಡುವುದರಿಂದ ಯಂತ್ರ ಅದನ್ನು ಸರಿಪಡಿಸಿಕೊಳ್ಳಲಾರದು, ಅಡ್ಡಗೀರನ್ನಾದರೆ ತಾಳಿಕೊಂಡೀತು. ಮೆತ್ತನೆಯ ಹತ್ತಿಯ ಬಟ್ಟೆಯನ್ನು ಒದ್ದೆಮಾಡಿ ಹಿಂಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರಸಿ, ನೆರಳಿನಲ್ಲಿ ಆರಿಸಬೇಕು. ಸಿ.ಡಿ., ವಿ.ಸಿ.ಡಿ.ಗಳಲ್ಲಿ ದಾಖಲೆಯ ಪದರವಿರುವುದು ಹೆಸರು ಬರೆಯುವ ಮಗ್ಗುಲಿನ ಕೆಳಗೇ. ಬಾಲ್‌ಪೆನ್ನಿನಿಂದ ಒತ್ತಿ ಬರೆದ ‘ಅಕ್ಕನ ಮದುವೆ’ ಎಂಬ ಎರಡು ಮಾತುಗಳೇ ಆ ಮದುವೆಯನ್ನು ಕೆಡಿಸಬಲ್ಲುವು. ಬ್ಲೂ-ರೇಯಲ್ಲಿ ಆ ಪದರ ಓದುವ ಮಗ್ಗುಲಿನಿಂದ ಕೇವಲ 0.1 ಮಿಲಿಮೀಟರಿನ ಆಳದಲ್ಲಿದೆಯಾದುದರಿಂದ ಅದಕ್ಕೆ ಗಟ್ಟಿಯಾದ ಲೇಪವನ್ನು ಕೊಟ್ಟಿರುತ್ತಾರೆ. ಇನ್ನು ಗುಡುಗಿನ ಮೊದಲ ಸದ್ದು ಕೇಳಿದೊಡನೆ ಯಂತ್ರದ ಪ್ಲಗ್ಗನ್ನಷ್ಟೇ ಅಲ್ಲದೆ ಟಿ.ವಿ.ಗೆ ಬರುವ ಕೇಬಲನ್ನೂ ಕೀಳಬೇಕೆಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟೋ ಯಂತ್ರಗಳು ಸುಟ್ಟಿರುವುದು ಎರಡನೆಯದನ್ನು ಮರೆತುದರಿಂದ.

ಇಷ್ಟು ಎಚ್ಚರಿಕೆ ವಹಿಸಿದರೂ ಸ್ಟುಡಿಯೋದಲ್ಲಿ ಬರೆಸಿದ ಡಿ.ವಿ.ಡಿ. ಶಾಶ್ವತವಲ್ಲ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಮುದ್ರಿಕೆಗೂ ಇದಕ್ಕೂ ವ್ಯತ್ಯಾಸವುಂಟು; ಇದರ ದಾಖಲೆ ನಿಂತಿರುವುದು ಸಾವಯವವಾದ ಒಂದು ಬಣ್ಣದ ಪದರದ ಮೇಲೆ, ಅದು ಬಿಸಿಲಿಗೂ ಶಾಖಕ್ಕೂ ತೇವಕ್ಕೂ ಮೆಲ್ಲಮೆಲ್ಲನೆ ಮಾಸುತ್ತದೆ. ಬರೆಯತಕ್ಕ ಬ್ಲೂ-ರೇ ಮುದ್ರಿಕೆಗಳಲ್ಲಿ ಎಲ್.ಟಿ.ಎಚ್. ಎಂಬ ಗುರುತುಳ್ಳವನ್ನು ಬಿಟ್ಟರೆ ಉಳಿದವುಗಳ ಪದರ ಸಾಮಾನ್ಯವಾಗಿ ನಿರವಯವವಾದುದರಿಂದ ಅವು ಹೆಚ್ಚು ಬಾಳುತ್ತವೆ. ಹಳೆಯದು ಅಳಿಯುವ ಮುನ್ನ ಹೊಸದರ ಮೇಲೆ ಪ್ರತಿ ಮಾಡಿಕೊಳ್ಳುವುದೊಂದೇ ದಾರಿ, ಮತ್ತು ಆ ದಾರಿಯನ್ನು ಲೋಕಕ್ಕೆ ತೋರಿಸಿದ ಊರು ಮೂಡುಬಿದಿರೆ. ಜೈನರ ಷಟ್ಖಂಡಾಗಮಕ್ಕೆ ಬರೆದ ಧವಳಾ ಟೀಕೆಯ ತಾಳೆಗರಿಗಳು ಹಳಗನ್ನಡದ ಲಿಪಿಯಲ್ಲಿ ಶತಮಾನಗಳ ಕಾಲ ಇಲ್ಲಿಯ ಬಸದಿಯಲ್ಲಿ ಉಳಿದುವು. ಇದೇ ಮಳೆ, ಇದೇ ತೇವ, ಇದೇ ಗೆದ್ದಲಿನ ನಡುವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳನ್ನು ಕಾಗದಕ್ಕಿಳಿಸುವ ಕಾರ್ಯ ಮೊದಲಾಗಿ, ಆ ಪ್ರತಿಗಳ ಪ್ರತಿಗಳು ಉತ್ತರ ದೇಶವನ್ನು ತಲುಪಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಪ್ರತಿ ಮಾಡಿದವರು ಆ ಕಷ್ಟವನ್ನು ವಹಿಸಿಕೊಳ್ಳದೆ ಇದ್ದಿದ್ದರೆ ಅದು ಇಂದಿಗೂ ಒಂದೇ ಊರಿನ ಒಂದೇ ಪೆಟ್ಟಿಗೆಯ ಭಾಗ್ಯವನ್ನು ನಂಬಿಕೊಂಡಿರಬೇಕಾಗಿತ್ತು. ಒಂದೇ ಪೆಟ್ಟಿಗೆಯನ್ನು ನಂಬುವುದೆಂದರೇನೆಂಬುದನ್ನು 1923ರ, 1974ರ ನೇತ್ರಾವತಿಯ ನೆರೆಗಳನ್ನು ಕಂಡ ಬಂಟ್ವಾಳ ಪೇಟೆಯೂ, 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಹೊಳೆ ಮನೆ ಹೊಕ್ಕ ಬೆಳ್ತಂಗಡಿಯ ಹಳ್ಳಿಗಳೂ ಚೆನ್ನಾಗಿ ಬಲ್ಲುವು.

ಕಾಲವೂ ಅವಸರಪಡಿಸುತ್ತಿದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಫುನಾಯ್ 2016ರಲ್ಲಿ ಅದನ್ನು ನಿಲ್ಲಿಸಿತು. ಹೊಸ ಬ್ಲೂ-ರೇ ಯಂತ್ರಗಳ ತಯಾರಿಯಿಂದ ಸ್ಯಾಮ್‌ಸಂಗ್ 2019ರಲ್ಲಿ ಹಿಂದೆ ಸರಿಯಿತು. ಬರೆಯತಕ್ಕ ಬ್ಲೂ-ರೇ ಮುದ್ರಿಕೆಗಳ ತಯಾರಿಯನ್ನು ಸೋನಿ ಸಂಸ್ಥೆ 2025ರ ಫೆಬ್ರವರಿಯಲ್ಲಿ ಕೊನೆಗೊಳಿಸಿತು. ಇತ್ತ ಮೇಳಗಳು ಒಂದೊಂದಾಗಿ ಕಾಲಮಿತಿಯ ಪ್ರಯೋಗಕ್ಕೆ ಹೊರಳುತ್ತಿವೆ. ಮಧ್ಯರಾತ್ರಿಗೆ ಆಟ ಮುಗಿದು ಜನ ಮನೆಗೆ ಹೋಗುವುದೇ ಹೆಚ್ಚಾಗಿದೆ. ಅದರ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ಆದರೆ ಬೆಳಗಿನ ಜಾವದ ರಾಗಗಳಲ್ಲಿ ಭಾಗವತಿಕೆ ಹೇಗೆ ತಿರುಗುತ್ತಿತ್ತು, ನಿದ್ದೆಗಣ್ಣಿನ ಸಭೆಯನ್ನು ಬಣ್ಣದ ವೇಷ ಹೇಗೆ ಎಬ್ಬಿಸುತ್ತಿತ್ತು ಎಂಬುದನ್ನು ಮುಂದೆ ತಿಳಿಯಬಯಸುವವನಿಗೆ ಸಾಕ್ಷಿಯಾಗಿ ಉಳಿಯುವುದು 1985ರಿಂದ 2015ರವರೆಗೆ ನಮ್ಮ ನಮ್ಮ ಮನೆಗಳವರು ಹಿಡಿಸಿಟ್ಟ ಆ ಕ್ಯಾಸೆಟ್ಟುಗಳೂ ಮುದ್ರಿಕೆಗಳೂ ಮಾತ್ರವೇ.

ಆದುದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಯವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಬರುವ ಮಳೆಗಾಲಕ್ಕೆ ಮುನ್ನ ಕಪಾಟಿನ ಮುದ್ರಿಕೆಗಳನ್ನೆಲ್ಲ ಹೊರಗೆ ತೆಗೆಯಿರಿ. ಒಂದೊಂದನ್ನೂ ಹಾಕಿ ನೋಡಿರಿ. ಓದುವಂಥವನ್ನು ಕಂಪ್ಯೂಟರಿಗೆ ಇಳಿಸಿ ಎರಡು ಪ್ರತಿ ಮಾಡಿಸಿರಿ, ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ಬಂಧುಗಳಲ್ಲಿರಲಿ. ಆಟದ, ನೇಮದ, ಪಾಡ್ದನದ ದಾಖಲೆಗಳಿದ್ದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಜಾನಪದ ರಂಗಕಲೆಗಳ ಕೇಂದ್ರವನ್ನೋ ಬಂಟ್ವಾಳದ ಸಂಚಯಗಿರಿಯ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನೋ ಒಮ್ಮೆ ವಿಚಾರಿಸಿರಿ. ಮುದ್ರಿಕೆಯ ಮೇಲೆ ಬರೆಯದೆ, ಅದರ ಕವಚದ ಕಾಗದದ ಮೇಲೆ ಪ್ರಸಂಗದ ಹೆಸರು, ಮೇಳ, ಭಾಗವತರು, ವೇಷಧಾರಿಗಳು, ಸ್ಥಳ, ದಿನಾಂಕ ಇವಿಷ್ಟನ್ನು ಮನೆಯ ಹಿರಿಯರಿರುವಾಗಲೇ ಕೇಳಿ ಬರೆದಿಡಿರಿ.